ಕೋತಿಗೆ ಕೈ ಮುಗಿದವನು

ಬಸ್ಸು ಗಾಳಿ ಆಂಜನೇಯನ ಗುಡಿಯ ಮುಂದೆ ನಿಧಾನವಾಗುತ್ತಲೂ ಒಳಗಿದ್ದವರೆಲ್ಲ ಎಂದಿನಂತೆ ಕಿಟಕಿಯ ಕಡೆ ತಿರುಗಿದರು. ಕಂಡಕ್ಟರು ಟಿಕೆಟ್ಟು ಹರಿಯುವುದನ್ನು ನಿಲ್ಲಿಸಿ ಬೆರಳನ್ನು ಹಣೆಗೂ ಎದೆಗೂ ಮುಟ್ಟಿಸಿಕೊಂಡ. ಕಾಲಸಂದಿಯಲ್ಲಿ ಸೊಪ್ಪಿನ ಮೂಟೆ ಇಟ್ಟುಕೊಂಡಿದ್ದ ಹೆಂಗಸು ಎರಡೂ ಕೈಯನ್ನು ನೆತ್ತಿಯ ಮೇಲೆ ಜೋಡಿಸಿ ತುಟಿಯಲ್ಲೇ ಏನೋ ಬೇಡಿಕೊಂಡಳು. ಮುನಿರಾಮಯ್ಯ ಮಾತ್ರ ಎರಡು ಅಂಗೈಗಳನ್ನೂ ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ. ಸೀಟಿನ ರೆಕ್ಸಿನ್ನು ಹರಿದು ಒಳಗಿನ ತೆಂಗಿನ ನಾರು ಬೆರಳಿಗೆ ಚುಚ್ಚುತ್ತಿತ್ತು. ಚುಚ್ಚಲಿ ಎಂದುಕೊಂಡ. ಗುಡಿ ಹಿಂದೆ ಸರಿಯುವವರೆಗೂ ಮುಂದಿನ ಸೀಟಿನವನ ಕತ್ತಿನ ಬೆವರನ್ನೇ ನೋಡಿದ. ಬುದ್ಧಿ ಬಂದಾಗಿನಿಂದ ಈ ಗುಡಿಯನ್ನು ಕೈ ಮುಗಿಯದೆ ದಾಟಿದ್ದು ಇವತ್ತೇ ಮೊದಲು, ಅದರಲ್ಲೂ ಶನಿವಾರ. ಸೊಪ್ಪಿನ ಹೆಂಗಸು ಅವನನ್ನು ಓರೆಗಣ್ಣಲ್ಲಿ ನೋಡಿದಳು, ಹೆಣ ಹೋಗುವಾಗ ಬೀಡಿ ಸೇದುತ್ತ ನಿಂತವನನ್ನು ನೋಡುವ ಹಾಗೆ. ಅವನಿಗೆ ಅವಳೊಡನೆ ಹೇಳಬೇಕೆನಿಸಿತು: ಅಮ್ಮಾ, ಇವತ್ತಿನಿಂದ ಈ ಕೈಗಳನ್ನು ಜೋಡಿಸಿದ ಮೇಲೆ ಹೊಡೆಯಬೇಕು ಎಂದು ಅಪ್ಪಣೆಯಾಗಿದೆ, ಅದಕ್ಕೇ ದೇವರ ಎದುರು ಜೋಡಿಸುವುದಕ್ಕೆ ಹೆದರಿಕೆ. ಹೇಳಿದ್ದರೆ ಅವಳು ಮೂಟೆ ಎತ್ತಿಕೊಂಡು ಬೇರೆ ಸೀಟಿಗೆ ಹೋಗುತ್ತಿದ್ದಳು.

ಅಪ್ಪಣೆ ಮಾಡಿದವರು ಡಾಕ್ಟರ್ ಜಗನ್ನಾಥ. ಕೆಂಗೇರಿ ರೈಲ್ವೆ ಸ್ಟೇಷನ್ನಿನ ಆಚೆ, ನೀಲಗಿರಿ ತೋಪಿನ ಮಗ್ಗುಲಲ್ಲಿ, ಪಾಳುಬಿದ್ದ ಇಟ್ಟಿಗೆ ಗೂಡೊಂದಕ್ಕೆ ಸುತ್ತಲೂ ತಗಡಿನ ಗೋಡೆ ನಿಲ್ಲಿಸಿ, ಮೇಲೆ ಜಾಲರಿ ಹೊದಿಸಿ, ಒಳಗೆ ಒಣಮರಗಳನ್ನು ನೆಟ್ಟು, ಯಾವುದೋ ಟ್ರಸ್ಟಿನವರು ಕೋತಿಗಳನ್ನು ಇಟ್ಟಿದ್ದರು. ಕೆಲವು ಬೀದಿಯಲ್ಲಿ ಕೋತಿ ಆಡಿಸುವವರಿಂದ ಕಿತ್ತುಕೊಂಡವು, ಕೆಲವು ಔಷಧಿ ಪರೀಕ್ಷೆ ಮಾಡುವ ಕಡೆಯಿಂದ ಬಿಡಿಸಿಕೊಂಡು ಬಂದವು. ಅವಕ್ಕೆಲ್ಲ ಕಾಡು ಮರೆತುಹೋಗಿತ್ತು. ಹುಣಸೆಯ ಚಿಗುರು ಯಾವುದು, ಅತ್ತಿಹಣ್ಣು ಯಾವುದು, ಗಿಡುಗ ಬಂದರೆ ಹೇಗೆ ಕೂಗಬೇಕು, ಗುಂಪಿನಲ್ಲಿ ಯಾರು ಮೊದಲು ತಿನ್ನಬೇಕು ಎಂಬುದನ್ನೆಲ್ಲ ಮತ್ತೆ ರೂಢಿ ಮಾಡಿಸಿ, ಒಂದು ಗುಂಪಾಗಿ ಕೂಡಿಸಿ, ಮಳೆ ಹಿಡಿಯುವ ಮೊದಲು ಮಾಗಡಿ ಆಚೆಯ ಕಾಡಿಗೆ ಬಿಡುವುದೆಂದು ಏರ್ಪಾಡು. ಎಲ್ಲಕ್ಕಿಂತ ಮುಖ್ಯವಾಗಿ ಕಲಿಸಬೇಕಾದ್ದು ಒಂದೇ: ಮನುಷ್ಯನನ್ನು ಕಂಡರೆ ಓಡುವುದು. ಮಾತಾಡಿಸಕೂಡದು, ಹೆಸರಿಡಕೂಡದು, ಕಣ್ಣಲ್ಲಿ ಕಣ್ಣಿಟ್ಟು ನೋಡಕೂಡದು, ಕೈಯಿಂದ ಒಂದು ಕಡಲೆಕಾಳನ್ನೂ ಕೊಡಕೂಡದು. ಆಹಾರವನ್ನು ಗೋಡೆಯ ಆಚೆಯಿಂದ ತಗಡಿನ ಜಾರುಗೊಳವೆಯಲ್ಲಿ ಬಿಡಬೇಕು, ಒಳಗೆ ಹೋದಾಗ ಡಬ್ಬ ಬಡಿದು ಗದರಬೇಕು. ಕೆಲಸ ಕೇಳಿಕೊಂಡು ಹೋದ ದಿನ ಡಾಕ್ಟರು, ಪ್ರಾಣಿ ಎಂದರೆ ಪ್ರೀತಿಯೇ ಎಂದು ಕೇಳಿದ್ದರು. ಮುನಿರಾಮಯ್ಯ ಹಿಗ್ಗಿನಿಂದ, ಹೌದು ಸಾರ್, ಆಂಜನೇಯ ನಮ್ಮ ಮನೆದೇವರು ಎಂದಿದ್ದ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು, "ಹಾಗಾದ್ರೆ ಕಷ್ಟ ಆಗುತ್ತೆ ನಿಮಗೆ" ಎಂದಷ್ಟೇ ಹೇಳಿದ್ದರು.

ಕಷ್ಟವಾಗಲಿಲ್ಲ, ಸುಲಭವಾಯಿತು, ಅದೇ ಕೆಟ್ಟದ್ದಾಯಿತು. ಮೊದಲ ದಿನ ಬೆಳಗ್ಗೆ ಒಬ್ಬನೇ ಒಳಗೆ ಹೋದವನು ಡಬ್ಬ ಬಡಿಯುವ ಮೊದಲು, ಮೆಟ್ಟು ಹೊರಗೆ ಬಿಟ್ಟು, ಹೊಸ್ತಿಲಲ್ಲಿ ನಿಂತು ಕೈ ಮುಗಿದಿದ್ದ. ಬೇಕೆಂದು ಮಾಡಿದ್ದಲ್ಲ. ಗರ್ಭಗುಡಿಯ ಬಾಗಿಲು ತೆಗೆದ ಹಾಗೆ ಆ ತಗಡಿನ ಬಾಗಿಲು ಕಿರುಗುಟ್ಟಿತು, ಕೈ ತಾನಾಗಿ ಜೋಡಿಸಿಕೊಂಡಿತು. ಗೂಡಿನ ಮುರಿದ ಗೋಡೆಯ ಮೇಲೆ ಒಂದು ಹೆಣ್ಣು ಕೋತಿ ಕೂತಿತ್ತು. ಕತ್ತಿನಲ್ಲಿ ಹಗ್ಗ ತಿಂದ ಗುರುತು, ಅಲ್ಲಿ ಕೂದಲಿಲ್ಲ. ಅದು ಅವನನ್ನು ನೋಡಿತು. ಗೋಡೆ ಇಳಿದು ಬಂತು. ಎದುರಿಗೆ ಕೂತು, ಎರಡು ಪುಟ್ಟ ಕಪ್ಪು ಅಂಗೈಗಳನ್ನು ಎದೆಯ ಮುಂದೆ ಜೋಡಿಸಿತು. ಮುನಿರಾಮಯ್ಯ ಅದರ ಎದುರು ಕುಕ್ಕರಗಾಲಲ್ಲಿ ಕೂತ. ಎಷ್ಟು ಶನಿವಾರ ಉಪವಾಸ ಮಾಡಿದ್ದ, ಎಷ್ಟು ಸಿಂಧೂರ ಬಳಿದಿದ್ದ; ಯಾವ ಕಲ್ಲೂ ತಿರುಗಿ ಕೈ ಮುಗಿದಿರಲಿಲ್ಲ. ತಾಯೀ, ಎಂದ. ಬುತ್ತಿಯ ಚೀಲದಲ್ಲಿದ್ದ ಬಾಳೆಹಣ್ಣನ್ನು ಮುರಿದು ಇಟ್ಟ. ಆಮೇಲೆ ದಿನವೂ ಹಾಗೆಯೇ. ಡಾಕ್ಟರು ಬರುವ ಮೊದಲು, ಒಂದು ನಮಸ್ಕಾರ, ಒಂದು ತುಂಡು ಹಣ್ಣು. ಕದ್ದು ಮಾಡುವ ಪೂಜೆಯಲ್ಲಿ ಒಂದು ರುಚಿಯಿರುತ್ತದೆ. ಇಡೀ ದಿನ ಡಬ್ಬ ಬಡಿದು ಗದರುವ ಪಾಪಕ್ಕೆ ಬೆಳಗಿನ ಆ ಒಂದು ಗಳಿಗೆ ಸಾಕು ಅನ್ನಿಸುತ್ತಿತ್ತು.

ನಿನ್ನೆ ಅದು ಬಯಲಾಗಿತ್ತು. ಅರಣ್ಯ ಇಲಾಖೆಯ ಅಧಿಕಾರಿಯೊಬ್ಬ ಗುಂಪನ್ನು ಪರೀಕ್ಷಿಸಲು ಬಂದಿದ್ದ. ಅವನು ಒಳಗೆ ಕಾಲಿಟ್ಟದ್ದೇ ಕೋತಿಗಳೆಲ್ಲ ಕಿರುಚಿ ಮೇಲೆ ಹತ್ತಿದವು. ಡಾಕ್ಟರರ ಮುಖದಲ್ಲಿ ಎಂದೂ ಕಾಣದ ಬೆಳಕು. ಅಧಿಕಾರಿ ಹೊರಡುವಾಗ, ಅವನಿಗೂ ಯಾವ ಗುಡಿಯ ನೆನಪಾಯಿತೋ, ಮೇಲೆ ನೋಡುತ್ತ ಕೈ ಮುಗಿದು, ಬರ್ತೀನಿ ಸ್ವಾಮಿ ಎಂದ. ಹೆಣ್ಣು ಕೋತಿ ಇಳಿದು ಬಂತು. ಅವನ ಬೂಟಿನ ಮುಂದೆ ಕೂತು ಕೈ ಜೋಡಿಸಿತು. ಅದರ ಹಿಂದೆ, ಅದಕ್ಕೆ ಅಂಟಿಕೊಂಡೇ ಇರುವ ಮರಿಯೊಂದು ಅರ್ಧ ದಾರಿ ಇಳಿದು ನೋಡುತ್ತ ನಿಂತಿತು. ಆ ಮರಿ ಅದರದ್ದಲ್ಲ. ಔಷಧಿಯವರ ಬೋನಿನಿಂದ ತಬ್ಬಲಿಯಾಗಿ ಬಂದದ್ದು. ಅಧಿಕಾರಿ ನಗುತ್ತ, ಇದು ಕಾಡಿಗಲ್ಲ, ಯಾವುದಾದರೂ ದೇವಸ್ಥಾನದ ಮೆಟ್ಟಿಲಿಗೆ ಸರಿ ಎಂದ. ಆಮೇಲೆ ನಗು ನಿಲ್ಲಿಸಿ, ಮುಂದಿನ ಸಲ ಬಂದಾಗಲೂ ಇಳಿದು ಬಂದರೆ ಇದನ್ನು ಮೃಗಾಲಯದ ಬೋನಿಗೆ ಕಳಿಸಿಬಿಡಿ, ಮರಿಯೂ ಬಿಟ್ಟಿರುವುದಿಲ್ಲ, ಅದನ್ನೂ ಕಳಿಸಿ ಎಂದ. ಅವನ ಜೀಪು ಹೋದ ಮೇಲೆ ಡಾಕ್ಟರು ಯಾರು ಕಲಿಸಿದ್ದು ಎಂದು ಕೇಳಿದರು. ಕಸ ಗುಡಿಸುವ ಹನುಮಕ್ಕ ಪೊರಕೆಯನ್ನು ಅಂಗೈಗೆ ಕುಟ್ಟಿಕೊಳ್ಳುತ್ತ, "ನನ್ನ ಯಾಕೆ ನೋಡ್ತೀರಾ ಸಾರ್. ದಿನಾ ಬೆಳಗ್ಗೆ ಮಂಗಳಾರತಿ ಆಗೋದು ರಾಮಯ್ಯಣ್ಣಂದು" ಎಂದಳು.

ಡಾಕ್ಟರು ಬಯ್ಯಲಿಲ್ಲ. ಬೈದಿದ್ದರೆ ಮುನಿರಾಮಯ್ಯನಿಗೆ ತಲೆ ತಗ್ಗಿಸಿಕೊಂಡು ನಿಲ್ಲಲು ಒಂದು ಜಾಗ ಸಿಗುತ್ತಿತ್ತು. "ಅದು ನಮಸ್ಕಾರ ಅಲ್ಲ ರಾಮಯ್ಯ," ಎಂದರು. "ಕೋಲು ಕಲಿಸಿದ್ದು ಅದು. ಅದರ ಮೊಣಕೈ ಮುರಿದು ಕೂಡಿದೆ, ನಾನು ಮುಟ್ಟಿ ನೋಡಿದೀನಿ. ಕೈ ಜೋಡಿಸದೇ ಇದ್ದಾಗೆಲ್ಲ ಹೊಡೆದಿದಾರೆ, ಜೋಡಿಸಿದಾಗ ತಿನ್ನೋಕೆ ಕೊಟ್ಟಿದಾರೆ. ನೀವು ಅದನ್ನೇ ಮುಂದುವರಿಸಿದಿರಿ, ಕೋಲಿಲ್ಲದೆ." ಜಾಲರಿಯ ಕಡೆ ತಿರುಗಿ, "ಬೇರೆ ಯಾರು ಹೊಡೆದರೂ ಅದು ಅವರ ಹತ್ತಿರ ಬರೋದನ್ನ ಬಿಡುತ್ತೆ, ಮುಗಿದ ಕೈ ಹತ್ತಿರ ಬರೋದನ್ನ ಬಿಡಲ್ಲ. ನಾಳೆಯಿಂದ ನೀವೇ ಮುಗೀಬೇಕು, ನೀವೇ ಹೊಡೀಬೇಕು" ಎಂದರು.

ಕೆಂಗೇರಿಯಲ್ಲಿ ಇಳಿದು, ಹಳಿ ದಾಟಿ, ತೋಪಿನ ಒಣಗಿದ ಎಲೆಗಳ ಮೇಲೆ ನಡೆಯುವಾಗ ಅವನಿಗೆ ಡಾಕ್ಟರ ಮೇಲೆ ದ್ವೇಷ ಹುಟ್ಟಿತು. ಕೋಲು ಕಲಿಸಿದ್ದೆಂದರೆ ನಮಸ್ಕಾರ ನಮಸ್ಕಾರವಲ್ಲವೆ? ಅವನಿಗೂ ಕಲಿಸಿದ್ದು ಕೋಲೇ. ಅಪ್ಪ ಊರ ಗೌಡರ ಎದುರು ನಿಂತಾಗ ಇವನ ಕತ್ತನ್ನು ಹಿಡಿದು ಬಗ್ಗಿಸಿ, ಮುಗಿಯೋ, ಎಂದಿದ್ದ. ಮುಗಿಯದೆ ಗೌಡರ ಕೈಬೆರಳಿನ ಉಂಗುರವನ್ನೇ ನೋಡುತ್ತಿದ್ದುದಕ್ಕೆ ಮನೆಗೆ ಬಂದ ಮೇಲೆ ಹುಣಸೆ ಬರಲಿನಲ್ಲಿ ಬಾರಿಸಿದ್ದ. ಅದೇ ಕೈಯನ್ನು ಅದೇ ಅಪ್ಪ ಸಂಜೆ ಭಜನೆಯಲ್ಲಿ ಮೆಲ್ಲಗೆ ಹಿಡಿದು ದೇವರ ಕಡೆ ಜೋಡಿಸಿದ್ದ. ಎರಡೂ ಒಂದೇ ಕೈ. ಯಾವುದು ಭಕ್ತಿ, ಯಾವುದು ಬರೆ ಎಂದು ಅಂಗೈಗೆ ಏನು ಗೊತ್ತು.

ಒಳಗೆ ಹೋದ. ಮೆಟ್ಟು ಬಿಡಲಿಲ್ಲ. ಡಾಕ್ಟರು ತಗಡಿನ ಗೋಡೆಯ ಕಿಂಡಿಯಲ್ಲಿ ಕಣ್ಣಿಟ್ಟಿದ್ದರು. ಬೆನ್ನಿನ ಮೇಲೆ ಆ ಕಣ್ಣು ಇರುವೆಯಂತೆ ಹರಿಯುತ್ತಿತ್ತು. ಸೊಂಟದಲ್ಲಿ ಬಿದಿರು ಕೋಲು ಸಿಕ್ಕಿಸಿಕೊಂಡಿದ್ದ. ಕೈ ಮುಗಿದ. ಅದು ಬಂತು. ಎಂದಿಗಿಂತ ಬೇಗ ಬಂತು, ನಿನ್ನೆ ಅಧಿಕಾರಿಯ ಮುಂದೆ ಕೈ ಜೋಡಿಸಿದ್ದಕ್ಕೆ ಹಣ್ಣು ಸಿಕ್ಕಿರಲಿಲ್ಲವಲ್ಲ. ಎದುರಿಗೆ ಕೂತು ಕೈ ಜೋಡಿಸಿತು. ಮುನಿರಾಮಯ್ಯ ಕೋಲು ಸೆಳೆದು ಅದರ ಪಕ್ಕದ ನೆಲಕ್ಕೆ ಹೊಡೆದ. ಕೋತಿ ಓಡಲಿಲ್ಲ. ಕಣ್ಣು ಪಿಳುಕಿಸಿ, ಜೋಡಿಸಿದ ಕೈಗಳನ್ನು ಇನ್ನೂ ಬಿಗಿಮಾಡಿ, ಇನ್ನೂ ಮೇಲೆತ್ತಿ, ಹಣೆಯ ಮಟ್ಟಕ್ಕೆ ತಂದಿತು. ಮತ್ತೆ ಹೊಡೆದ, ಈ ಸಲ ಭುಜಕ್ಕೆ ತಾಕುವಂತೆ. ಅದು ಎದ್ದು ಎರಡು ಕಾಲ ಮೇಲೆ ನಿಂತು, ಸುತ್ತ ಒಂದು ಸುತ್ತು ತಿರುಗಿ, ಮತ್ತೆ ಕೂತು ಕೈ ಮುಗಿಯಿತು. ಬೀದಿಯ ಆಟ ಪೂರ್ತಿ ನೆನಪಾಗಿಬಿಟ್ಟಿತ್ತು. ಕೋಲು ಅದಕ್ಕೆ ಹಗೆಯಲ್ಲ, ಅದು ಬಲ್ಲ ಭಾಷೆ. ಹಲ್ಲು ಬಿಟ್ಟು, ತುಟಿ ಹಿಂದಕ್ಕೆಳೆದು, ನಗುವಿನಂತೆ ಕಾಣುವ ಹೆದರಿಕೆಯಲ್ಲಿ ಅವನನ್ನೇ ನೋಡುತ್ತಿತ್ತು: ಸರಿಯಾಗಿ ಮಾಡಿದೆನಲ್ಲ, ಇನ್ನೇನು ಮಾಡಲಿ? ಗೋಡೆಯ ಆಚೆ ಡಾಕ್ಟರು ನೆಲಕ್ಕೆ ಕಾಲು ಅಪ್ಪಳಿಸಿದ್ದು ಕೇಳಿಸಿತು. ಹನುಮಕ್ಕನ ನಗುವೂ ಕೇಳಿಸಿತು, ಅವಳು ಸದ್ದು ಮಾಡದೆ ನಗುವವಳಲ್ಲ.

ಕೋತಿಯ ಆ ನಗುವಿನಂಥ ಮುಖವನ್ನು ಎಲ್ಲಿಯೋ ನೋಡಿದ್ದೇನೆಂದು ದಿನವೆಲ್ಲ ಕಾಡಿತು. ಸಂಜೆ ಬಸ್ಸಿನಲ್ಲಿ ಜೋತುಬಿದ್ದಿದ್ದಾಗ ಹೊಳೆಯಿತು. ಅವನು ಮೊದಲು ದುಡಿಯುತ್ತಿದ್ದ ರಾಜಾಜಿನಗರದ ಕಾರ್ಖಾನೆಯ ಗೇಟು. ಮುಷ್ಕರ ಬಿದ್ದುಹೋದ ಮೇಲೆ ಒಬ್ಬೊಬ್ಬರನ್ನಾಗಿ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ ಎಂಬ ಸುದ್ದಿ ಹಬ್ಬಿ, ಎಲ್ಲರೂ ಬಿಸಿಲಿನಲ್ಲಿ ನಿಂತಿದ್ದರು. ಯಾರೂ ಬೇಡಬಾರದು ಎಂದು ಮಾತಾಗಿತ್ತು. ಕೈ ಕಟ್ಟಿಕೊಂಡು ನಿಲ್ಲುವುದು, ಅಷ್ಟೇ. ಮ್ಯಾನೇಜರ ಕಾರು ಬಂತು. ಎಲ್ಲರೂ ಕೈ ಕಟ್ಟಿಕೊಂಡಿದ್ದರು. ಮುನಿರಾಮಯ್ಯನ ಕೈ ಮಾತ್ರ ಬಿಚ್ಚಿ, ಮುಂದಕ್ಕೆ ಬಂದು, ಜೋಡಿಸಿಕೊಂಡಿತು. ಅವನು ಜೋಡಿಸಿದ್ದೆಂದು ಇವತ್ತಿಗೂ ಅವನು ಒಪ್ಪುವುದಿಲ್ಲ. ಕಾರು ನಿಂತಿತು, ಗಾಜು ಇಳಿಯಿತು. ಮ್ಯಾನೇಜರು ಅವನನ್ನು ನೋಡಿ, ಹಲ್ಲು ಕಾಣುವಂತೆ ನಕ್ಕು, ತಾವೂ ಎರಡು ಕೈ ಜೋಡಿಸಿ ನಮಸ್ಕಾರ ಎಂದರು. ಗಾಜು ಮೇಲೇರಿತು. ಗೇಟು ತೆರೆಯಿತು, ಮುಚ್ಚಿತು. ಕೆಲಸ ಸಿಗಲಿಲ್ಲ. ಜೊತೆಯವರು ಆ ದಿನದಿಂದ ಬೀಡಿಗೆ ಬೆಂಕಿ ಕೊಡುವುದನ್ನೂ ನಿಲ್ಲಿಸಿದರು. ಮ್ಯಾನೇಜರು ಉಗಿದಿದ್ದರೆ ವಾಸಿಯಿತ್ತು. ಆ ತಿರುಗಿ ಕೊಟ್ಟ ನಮಸ್ಕಾರ, ಅದರ ಒಳಗೆ ಏನೂ ಇಲ್ಲದಿರುವುದು, ಅವನ ಎದೆಯಲ್ಲಿ ಮುಳ್ಳು ಮುರಿದಂತೆ ಉಳಿದುಬಿಟ್ಟಿತು.

ಬಾಪೂಜಿ ನಗರದ ಮನೆಯ ಬಾಗಿಲಲ್ಲೇ ಹೆಂಡತಿ ಶಿವಗಂಗಮ್ಮ ಚೊಂಬು ಹಿಡಿದು ನಿಂತಿದ್ದಳು. ಅದು ಉಪಚಾರವಲ್ಲ, ಕೋತಿಯ ನಾತ ಹೊಸ್ತಿಲು ದಾಟಬಾರದು ಎಂದು ಅವಳು ಮಾಡಿಕೊಂಡ ಕಟ್ಟಳೆ. ಅಂಗಿಯನ್ನು ಹೊರಗಿನ ತಂತಿಗೆ ನೇತುಹಾಕಿಯೇ ಒಳಗೆ ಬರಬೇಕು. ಎದುರುಮನೆಯವರು ದಿನವೂ ಆ ಅಂಗಿಯನ್ನೂ ಅವನ ಬರಿ ಮೈಯನ್ನೂ ನೋಡುತ್ತಿದ್ದರು. ಕೈಕಾಲು ತೊಳೆದು ದೇವರ ಗೂಡಿನ ಮುಂದೆ ನಿಂತ. ದೀಪ ಹಚ್ಚಿತ್ತು. ಕೈ ಏಳಲಿಲ್ಲ. ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಡತಿ ಮೊರ ನಿಲ್ಲಿಸಿದಳು.

"ಏನು, ದೇವರ ಜೊತೇನೂ ಜಗಳಾನಾ?"

ಅವನು ನಡೆದದ್ದನ್ನು ಹೇಳಿದ. ಅಯ್ಯೋ ಅನ್ನುತ್ತಾಳೆ ಎಂದುಕೊಂಡಿದ್ದ. ಅವಳು ಕಲ್ಲೊಂದನ್ನು ಆರಿಸಿ ಬಾಗಿಲಾಚೆ ಎಸೆದಳು.

"ಗೇಟಲ್ಲಿ ಮುಗಿದ್ರಿ, ಕೆಲಸ ಹೋಯ್ತು. ಕೋತಿಗೆ ಮುಗಿದ್ರಿ, ಅದರ ಕಾಡು ಹೋಯ್ತು. ನಿಮ್ಮ ಕೈಗೆ ಬೇರೆ ಏನೂ ಬರಲ್ವಾ?"

ಊಟಕ್ಕೆ ಕೂತು ಮುದ್ದೆ ಮುರಿದ. ಅಜ್ಜಿ ಹೇಳುತ್ತಿದ್ದ ಒಂದು ಕತೆ ನೆನಪಾಯಿತು. ಲಂಕೆಯ ಯುದ್ಧ ಮುಗಿದು ಪಟ್ಟಾಭಿಷೇಕವಾದ ಮೇಲೆ ಕೋತಿಗಳ ದಂಡು ಅಯೋಧ್ಯೆ ಬಿಟ್ಟು ಹೊರಡಲೇ ಇಲ್ಲವಂತೆ. ಎಲೆ ಹಾಕಿಸಿಕೊಂಡು ಉಣ್ಣುವುದು ಕಲಿತವು, ಮಣೆಯ ಮೇಲೆ ಕೂರುವುದು ಕಲಿತವು, ಕೊಂಬೆಯಿಂದ ಕೊಂಬೆಗೆ ಹಾರುವುದು ಮರೆತವು. ಹೋಗ್ರಪ್ಪ ನಿಮ್ಮ ಕಾಡಿಗೆ ಎಂದು ರಾಮದೇವರು ಮೆಲ್ಲಗೆ ಹೇಳಿದ, ಹೋಗಲಿಲ್ಲ. ಸನ್ಮಾನ ಮಾಡಿ ಹೇಳಿದ, ಹೋಗಲಿಲ್ಲ. ಒಂದು ದಿನ ರಾಮದೇವರು ಹುಬ್ಬು ಗಂಟಿಕ್ಕಿ ಸಭೆಗೆ ಬಂದು ಬಿಲ್ಲಿಗೆ ಹೆದೆ ಏರಿಸಿ ಮಿಡಿದನಂತೆ. ಕೋತಿಗಳು ಹಲ್ಲು ಕಿರಿದು ಕಿರುಚಿ ದಿಕ್ಕಾಪಾಲಾಗಿ ಓಡಿದವು. ಆಮೇಲೆ ರಾಮದೇವರು ಗೋಡೆಯ ಕಡೆ ಮುಖ ಮಾಡಿ ಬಹಳ ಹೊತ್ತು ಕೂತಿದ್ದ. ಕೈಯಲ್ಲಿ ತುತ್ತು ಹಿಡಿದು ಮುನಿರಾಮಯ್ಯ ಯೋಚಿಸಿದ. ಸನ್ಮಾನದವರೆಗೆ ಅಜ್ಜಿಯ ದನಿ ಕಿವಿಯಲ್ಲಿ ಸ್ಪಷ್ಟವಾಗಿತ್ತು. ಬಿಲ್ಲು ಮಿಡಿದದ್ದನ್ನು ನಿಜವಾಗಿಯೂ ಅಜ್ಜಿಯೇ ಹೇಳಿದ್ದಳೊ, ಇಲ್ಲ ಈಗ ತನ್ನ ಅನುಕೂಲಕ್ಕೆ ತಾನೇ ಕಟ್ಟಿಕೊಳ್ಳುತ್ತಿದ್ದಾನೊ ತಿಳಿಯಲಿಲ್ಲ. ತಟ್ಟೆ ಸರಿಸಿ ಎದ್ದ. ಶಿವಗಂಗಮ್ಮ ಮಿಕ್ಕ ಮುದ್ದೆಯನ್ನು ಬೀದಿನಾಯಿಗೆ ಹಾಕಿದಳು, ಎದುರುಮನೆಗೆ ಕೇಳಿಸುವಂತೆ ಅದನ್ನು ಕರೆದು.

ಆಮೇಲಿನ ದಿನಗಳಲ್ಲಿ ಕೋಲು, ಕಲ್ಲು, ತಣ್ಣೀರು, ಪಟಾಕಿ ಎಲ್ಲ ಆಯಿತು. ಪಟಾಕಿಗೆ ಬೇರೆ ಕೋತಿಗಳೆಲ್ಲ ಜಾಲರಿ ಹಿಡಿದು ನಡುಗಿದವು. ಇದು ಮಾತ್ರ ಹೊಗೆ ಇಳಿಯುವ ಮೊದಲೇ ಬಂದು ಕೈ ಜೋಡಿಸಿತು. ಕೋಪ ಹೆಚ್ಚಾದಷ್ಟೂ ಅದರ ಭಕ್ತಿ ಹೆಚ್ಚಾಗುತ್ತಿತ್ತು. ಡಾಕ್ಟರು ಸೊರಗಿದರು. ಏನಾದರೂ ಹೇಳುವಾಗಲೆಲ್ಲ ಮುನಿರಾಮಯ್ಯನನ್ನು ಬಿಟ್ಟು ಗೋಡೆಗೆ ಮಾತಾಡತೊಡಗಿದರು. ಒಂದು ಸಂಜೆ, ಆಗುವುದಿಲ್ಲ ಬಿಡಿ, ಅದೂ ಮರಿಯೂ ಬೋನಿಗೇ ಹೋಗಲಿ, ಉಳಿದವನ್ನಾದರೂ ಬಿಡೋಣ ಎಂದು ಗೋಡೆಗೆ ಹೇಳಿದರು. ಹನುಮಕ್ಕ ನೀರು ಸುರಿಯುತ್ತಿದ್ದವಳು ತಿರುಗಿ ನೋಡಲಿಲ್ಲ. "ಬೋನಲ್ಲಾದ್ರೆ ದಿನಾ ಜನ ಬರ್ತಾರೆ, ದಿನಾ ಕೈ ಮುಗೀತಾರೆ. ನಿನ್ನ ತಾಯಿಗೆ ಅಲ್ಲೇ ಸುಖ ಕಣಣ್ಣ" ಎಂದಳು. ತಾಯಿ ಎಂದು ಅವನು ಕರೆದದ್ದನ್ನು ಇವಳು ಯಾವಾಗಲೋ ಕದ್ದು ಕೇಳಿಸಿಕೊಂಡಿದ್ದಾಳೆ. ಅವಳ ಬಾಯಿಂದ ಆ ಮಾತು ಕೇಳಿದಾಗ ಗುಡಿಯೊಳಗೆ ಯಾರೋ ಚಪ್ಪಲಿ ಮೆಟ್ಟಿ ಬಂದಂತಾಯಿತು.

ಮಾರನೆಯ ಬೆಳಗ್ಗೆ ಬಸ್ಸಿನಲ್ಲಿ ಸಿದ್ದಬಸಪ್ಪ ಸಿಕ್ಕ. ಕಾರ್ಖಾನೆಯಲ್ಲಿ ಒಂದೇ ಯಂತ್ರದ ಆಚೆ ಈಚೆ ನಿಂತು ದುಡಿದವರು. ಗೇಟಿನ ಆ ದಿನದ ನಂತರ ಮಾತು ಬಿಟ್ಟವರಲ್ಲಿ ಇವನೇ ಮೊದಲಿಗ. ಇವತ್ತು ಅವನೇ ಪಕ್ಕಕ್ಕೆ ಬಂದು ಕಂಬಿ ಹಿಡಿದು ನಿಂತ. ಗುಡಿ ದಾಟುವಾಗ ಅವನು ಕೈ ಮುಗಿದು, ಮುನಿರಾಮಯ್ಯ ಮುಗಿಯದೆ ಇರುವುದನ್ನು ಕಂಡು, ಸುತ್ತಲಿನವರಿಗೂ ಕೇಳಿಸುವಂತೆ ಗಂಟಲು ಸರಿಮಾಡಿಕೊಂಡ.

"ಏನಯ್ಯಾ ರಾಮಯ್ಯ, ಈಗ ಕೋತಿಗೆ ಕೈ ಮುಗೀತೀಯಂತೆ. ಅದಾದ್ರೂ ಒಂದು ಕೆಲಸ ಕೊಡ್ತಾ?"

ಎರಡು ಸೀಟಿನವರು ನಕ್ಕರು. ಮುನಿರಾಮಯ್ಯನೂ ನಕ್ಕ. ತಾನು ನಕ್ಕದ್ದು, ಹಲ್ಲು ಬಿಟ್ಟು, ತುಟಿಯನ್ನು ಹಿಂದಕ್ಕೆಳೆದು ನಕ್ಕದ್ದು, ಕಿಟಕಿಯ ಗಾಜಿನಲ್ಲಿ ಅವನಿಗೇ ಕಂಡಿತು. ಆ ಮುಖವನ್ನು ಹೊತ್ತುಕೊಂಡೇ ಇಳಿದ, ಅದನ್ನು ಹೊತ್ತುಕೊಂಡೇ ಹಳಿ ದಾಟಿದ.

ಆ ದಿನ ಕಿಂಡಿಯಲ್ಲಿ ಡಾಕ್ಟರು ಇರಲಿಲ್ಲ. ಅವರಾಗಲೇ ಆಸೆ ಬಿಟ್ಟಿದ್ದರು. ಕೋಲು ಹಿಡಿದು ಒಳಗೆ ಹೋಗಿ ಕೈ ಮುಗಿದ. ಯಾಕೆ ಮುಗಿದನೆಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ; ಪಾಠಕ್ಕೊ, ಪೂಜೆಗೊ, ಕೊನೆಯ ಸಲ ನೋಡಿಹೋಗಲಿಕ್ಕೊ. ಹೆಣ್ಣು ಕೋತಿ ಬಂದು ಕೂತು ಕೈ ಜೋಡಿಸಿತು. ಅದರ ಹಿಂದೆ ಮರಿ ಬಂತು. ಇಷ್ಟು ದಿನ ಅರ್ಧ ದಾರಿಯಲ್ಲಿ ನಿಲ್ಲುತ್ತಿದ್ದದ್ದು ಇವತ್ತು ಪೂರ್ತಿ ಇಳಿದು, ಅದರ ಮಗ್ಗುಲಲ್ಲಿ ಕೂತು, ಒಮ್ಮೆ ಅದರ ಕೈಯನ್ನೂ ಒಮ್ಮೆ ಇವನ ಕೈಯನ್ನೂ ನೋಡಿ, ತನ್ನ ಎರಡು ಎಳೆಯ ಅಂಗೈಗಳನ್ನು ಎದೆಯ ಮುಂದೆ ತಂದು ಮೆಲ್ಲಗೆ ಜೋಡಿಸಿತು.

ಇದಕ್ಕೆ ಯಾರೂ ಹೊಡೆದಿರಲಿಲ್ಲ. ಇದರ ಮೊಣಕೈ ಯಾರೂ ಮುರಿದಿರಲಿಲ್ಲ. ಕೋಲಿಲ್ಲದೆ, ಹಗ್ಗವಿಲ್ಲದೆ, ಬರಿ ನೋಡಿ ಕಲಿತಿತ್ತು. ಮುನಿರಾಮಯ್ಯನಿಗೆ ಕಣ್ಣು ಕತ್ತಲೆ ಬಂತು. ಆ ಪುಟ್ಟ ಜೋಡಿಗೈಯಲ್ಲಿ ಗೌಡರ ಉಂಗುರ ಕಂಡಿತು, ಕತ್ತಿನ ಹಿಂದೆ ಅಪ್ಪನ ಬೆರಳು ಒತ್ತಿತು, ಗಾಜು ಮೇಲೇರಿತು, ಬಸ್ಸಿನವರು ನಕ್ಕರು. ಥೂ, ನಾಚಿಕೆಗೆಟ್ಟದ್ದೆ, ಎಂದು ಕೂಗಿದ್ದು ತನ್ನ ದನಿಯೇ ಎಂದು ಆಮೇಲೆ ತಿಳಿಯಿತು. ಕೋಲು ಎತ್ತಿ ಮರಿಯ ಮೇಲೆ ಬಡಿದ. ನೆಲಕ್ಕಲ್ಲ, ಪಕ್ಕಕ್ಕಲ್ಲ, ಮರಿಯ ಮೇಲೆ, ಆ ಕೈಗಳ ಮೇಲೆ. ಹೊಡೆಯುವಾಗ ತೋಳಿನಲ್ಲಿ ಒಂದು ಸುಖ ಹರಿಯಿತು, ಬಹಳ ದಿನ ಕಟ್ಟಿದ್ದ ಹುಣ್ಣು ಒಡೆದಂಥ ಸುಖ. ಇನ್ನೊಂದು ಹೊಡೆಯಲು ಕೈ ಎತ್ತಿದ್ದ.

ಹೆಣ್ಣು ಕೋತಿ ಅವನ ಮೇಲೆ ಹಾರಿತು. ಅದರ ಬಾಯಿಂದ ಅವನು ಎಂದೂ ಕೇಳಿರದ ಒಂದು ಕೂಗು ಬಂತು, ಹೊಟ್ಟೆಯ ಅಡಿಯಿಂದ, ಆ ಗೂಡಿಗಿಂತ ಹಳೆಯ ಯಾವುದೋ ಜಾಗದಿಂದ. ಬಲಗೈಯ ಅಂಗೈಯನ್ನು ಕಚ್ಚಿ ಹಿಡಿದು ಕಿತ್ತಿತು. ಕೋಲು ಬಿತ್ತು. ಮೇಲಿದ್ದ ಕೋತಿಗಳೆಲ್ಲ ಒಟ್ಟಾಗಿ ಕಿರುಚಿದವು, ಜಾಲರಿ ಅದುರಿತು. ಮರಿಯನ್ನು ಹೊಟ್ಟೆಗೆ ಅವುಚಿಕೊಂಡು ಅದು ಗೋಡೆ ಹತ್ತಿ ತುದಿಗೆ ಹೋಗಿ ಕೂತು, ಅಲ್ಲಿಂದ ಅವನನ್ನು ನೋಡಿತು. ಆ ನೋಟದಲ್ಲಿ ಕೇಳುವುದು ಏನೂ ಇರಲಿಲ್ಲ.

ಓಡಿ ಬಂದ ಹನುಮಕ್ಕ ತನ್ನ ಸೆರಗಿನ ಅಂಚು ಹರಿದು ಅವನ ಕೈಗೆ ಸುತ್ತಿದಳು. ಬಾಯಿ ಮಾತ್ರ ಸುಮ್ಮನಿರಲಿಲ್ಲ. ಅಷ್ಟು ಮರಿಗೆ ಹೊಡೆಯುವ ಕೈ ಕಚ್ಚಿಸಿಕೊಳ್ಳಲಿ ಬಿಡು ಎಂದು ಗಂಟು ಬಿಗಿಯುತ್ತಲೇ ಅಂದಳು. ವಿಷಯ ಕೇಳಿ ಡಾಕ್ಟರು ಬಂದು, ಮರಿಯನ್ನು ದೂರದಿಂದ ದುರ್ಬೀನಿನಲ್ಲಿ ನೋಡಿ, ಮೂಳೆಗೆ ಏನೂ ಆಗಿಲ್ಲ ಎಂದು ಖಚಿತಪಡಿಸಿಕೊಂಡು, ಆಮೇಲೆ ತಗಡಿನ ಬಾಗಿಲಲ್ಲಿ ನಿಂತು ತಾವೇ ಕೈ ಮುಗಿದರು. ತುದಿಯಲ್ಲಿದ್ದ ಹೆಣ್ಣು ಕೋತಿ ಎಚ್ಚರಿಕೆಯ ಕೂಗು ಹಾಕಿತು. ಇಡೀ ಗುಂಪು ಆಚೆ ಬದಿಗೆ ಹಾರಿತು. ಡಾಕ್ಟರು ಇನ್ನೊಮ್ಮೆ ಮುಗಿದರು, ಇನ್ನೊಮ್ಮೆ ಕೂಗಿತು. ಅವರು ಮುನಿರಾಮಯ್ಯನ ಭುಜ ಹಿಡಿದರು. ಇಷ್ಟು ಕಾಲದಲ್ಲಿ ಅವನನ್ನು ಮುಟ್ಟಿದ್ದು ಅದೇ ಮೊದಲು. ಮರಿಯ ಮೇಲೆ ಕೈ ಮಾಡಿದರೆ ಎಲ್ಲ ಬದಲಾಗುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ, ನಿಮಗೆ ಹೇಗೆ ಹೊಳೆಯಿತು ರಾಮಯ್ಯ ಎಂದು ಕೇಳಿದರು. ಹೊಳೆಯಲಿಲ್ಲ ಸಾರ್, ನನಗೆ ಅದರ ಮೇಲೆ ಹಗೆ ಬಂದಿತ್ತು, ಕೊಲ್ಲಬೇಕು ಅನ್ನಿಸಿತ್ತು. ಹೀಗೆ ಹೇಳಲು ಬಾಯಿ ತೆರೆದ. ರಕ್ತ ತೊಟ್ಟಿಕ್ಕುತ್ತಿತ್ತು. ಬಾಯಿ ಮುಚ್ಚಿದ. ಹೊಗಳಿಕೆ ಗಾಯದ ಮೇಲೆ ಉಪ್ಪಿನಂತೆ ಇಳಿಯಿತು.

ಕಚ್ಚಿದ ನಂಜು ಏರದಂತೆ ಹೊಟ್ಟೆಗೆ ಚುಚ್ಚುವ ಸೂಜಿಗಾಗಿ ಆಸ್ಪತ್ರೆಗೆ ದಿನವೂ ಶಿವಗಂಗಮ್ಮನೇ ಕರೆದುಕೊಂಡು ಹೋದಳು. ಸಾಲಿನಲ್ಲಿ ನಿಂತಾಗ ಅವನ ಜೊತೆಯಲ್ಲವೇನೋ ಎಂಬಂತೆ ಎರಡು ಹೆಜ್ಜೆ ದೂರ ನಿಲ್ಲುತ್ತಿದ್ದಳು. ಸೂಜಿ ಚುಚ್ಚುವಾಗ ಮಾತ್ರ ಅವನ ಎಡಗೈ ಬೆರಳನ್ನು, ನೋಯುವ ಹಾಗೆ, ಹಿಡಿದಿರುತ್ತಿದ್ದಳು. ದೇವರ ಗೂಡಿನ ಮುಂದೆ ಈಗ ಕೈ ಮುಗಿಯುವವಳು ಅವಳೊಬ್ಬಳೇ. ಅವನು ಬಾಗಿಲ ಬಳಿ ಕೂತು ಕಟ್ಟು ಬಿಚ್ಚಿ ಗಾಯ ನೋಡಿಕೊಳ್ಳುತ್ತಿದ್ದ. ಅಂಗೈಯ ನಡುವೆ, ಎರಡು ಕೈ ಸೇರಿದಾಗ ಒಂದಕ್ಕೊಂದು ತಾಗುವ ಕಡೆಯಲ್ಲೇ, ಹಲ್ಲಿನ ಗುರುತು. ನೋಯುತ್ತದೆಯೇ ಎಂದು ಅವಳು ಒಮ್ಮೆ ಕೇಳಿದಳು. ಜೋಡಿಸಿದರೆ ನೋಯುತ್ತದೆ ಎಂದ. ಹಾಗಾದರೆ ಜೋಡಿಸಬೇಡಿ ಎಂದು ಬತ್ತಿ ಹೊಸೆಯುತ್ತ ಹೇಳಿದಳು, ಮತ್ತೆ ಆ ಮಾತು ಎತ್ತಲಿಲ್ಲ. ಅಧಿಕಾರಿ ಎರಡನೆಯ ಸಲ ಬಂದು, ಒಳಗೆ ನಿಂತು ಬೇಕೆಂದೇ ಕೈ ಮುಗಿದು ನೋಡಿ, ಒಂದು ಬಾಲವೂ ಕೆಳಗಿಳಿಯದ್ದನ್ನು ಕಂಡು ಒಪ್ಪಿಗೆ ಕೊಟ್ಟು ಹೋದನೆಂದು ಹನುಮಕ್ಕ ಹೇಳಿ ಕಳಿಸಿದಳು.

ಮಾಗಡಿ ಆಚೆ, ಬಂಡೆಗಳ ನಡುವೆ ಆಲ, ಅತ್ತಿ ಬೆಳೆದ ಇಳಿಜಾರಿನಲ್ಲಿ ವ್ಯಾನು ನಿಂತಾಗ ಬಿಸಿಲು ಏರಿತ್ತು. ಮೂಡಣದಲ್ಲಿ ಮೋಡ ಕಟ್ಟುತ್ತಿತ್ತು. ಬೋನುಗಳನ್ನು ಇಳಿಸಿ ಸಾಲಾಗಿ ಇಟ್ಟು, ಹಗ್ಗ ಎಳೆದು ಬಾಗಿಲು ತೆಗೆದು, ಎಲ್ಲರೂ ಹಿಂದೆ ಸರಿದು ನಿಂತರು. ದೊಡ್ಡ ಗಂಡು ಮೊದಲು ಹೊರಬಂತು. ನೆಲ ಮೂಸಿತು, ಒಂದು ಬಂಡೆಯ ಮೇಲೆ ಹಾರಿತು, ತಿರುಗಿ ನೋಡದೆ ಮರ ಹತ್ತಿತು. ಅದರ ಹಿಂದೆ ಒಂದೊಂದಾಗಿ ಉಳಿದವು. ಕೊನೆಯ ಬೋನಿನಿಂದ ಹೆಣ್ಣು ಕೋತಿ ಹೊರಬಂದು, ಹೊಟ್ಟೆಗೆ ಮರಿಯನ್ನು ಅಂಟಿಸಿಕೊಂಡು, ಬಾಗಿಲಲ್ಲೇ ಕೂತುಬಿಟ್ಟಿತು. ಗುಂಪು ಮೇಲಿನಿಂದ ಕರೆಯಿತು. ಅದು ಅಲುಗಲಿಲ್ಲ. ಮನುಷ್ಯರ ಕಡೆಯೇ ನೋಡುತ್ತಿತ್ತು. ಕೋತಿಯ ನೋಟದಲ್ಲಿ ಏನಿರುತ್ತದೆಂದು ಯಾರು ಹೇಳಬಲ್ಲರು. ಮುನಿರಾಮಯ್ಯನಿಗೆ ಮಾತ್ರ ಅದು ತನ್ನನ್ನೇ ಹುಡುಕುತ್ತಿದೆ ಅನ್ನಿಸಿತು. ಅವನು ಎಲ್ಲರ ಹಿಂದೆ, ಎರಡೂ ಕೈಯನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದ. ಬಾರಮ್ಮ ಎಂದು ಒಂದು ಮಾತು ಅಂದರೆ ಸಾಕು, ಬಂದೀತು, ಎಲ್ಲ ಮರೆತೀತು ಎಂದು ಒಳಗೊಂದು ಆಸೆ ಬಾಲ ಅಲ್ಲಾಡಿಸಿತು. ಆ ಆಸೆಯನ್ನು ಕಂಡು ಅವನಿಗೆ ಅಸಹ್ಯವಾಯಿತು. ಮೇಲಿನಿಂದ ಗುಂಪಿನ ಕೂಗು ದೂರವಾಗುತ್ತಿತ್ತು.

ಡಾಕ್ಟರು ತಿರುಗದೆಯೇ ಮೆಲ್ಲಗೆ ಹೇಳಿದರು. "ಮುಂದೆ ಬನ್ನಿ ರಾಮಯ್ಯ. ಮುಗೀರಿ."

ಮುಂದೆ ಬಂದ. ಕಟ್ಟು ಬಿಚ್ಚಿ ಜೇಬಿಗೆ ಹಾಕಿಕೊಂಡ. ಎರಡು ಕೈಗಳೂ ಬಹಳ ದೂರದಿಂದ 'ಇಗೋ ಬಂದೆವು' ಎನ್ನುವಂತೆ ನಿಧಾನವಾಗಿ ಬಂದವು. ಗಾಯದ ಮೇಲೆ ಗಾಯವಿಲ್ಲದ ಅಂಗೈ ಕೂತಿತು, ನೋವು ಮೊಣಕೈಯವರೆಗೆ ಏರಿತು. ಹೋಗು ತಾಯಿ, ಎಂದ, ಇಲ್ಲ, ಅಂದುಕೊಂಡ. ಕೋತಿ ಜೋಡಿಸಿದ ಕೈಯನ್ನು ಕಂಡಿತು. ಮೈಯ ಕೂದಲೆಲ್ಲ ನಿಮಿರಿ, ಹಲ್ಲು ಹೊರಬಿದ್ದು, ಅದೇ ಹಳೆಯ ಕೂಗು ಬಂಡೆಗೆ ಬಡಿದು ತಿರುಗಿ ಬಂತು. ಮರಿಯನ್ನು ಅವುಚಿಕೊಂಡು ಒಂದೇ ನೆಗೆತಕ್ಕೆ ಬಂಡೆ, ಇನ್ನೊಂದಕ್ಕೆ ಕೊಂಬೆ, ಮತ್ತೆ ಎಲೆ, ಎಲೆಯ ಆಚೆ ಎಲೆ. ಈ ಕೈ ಜೀವಮಾನದಲ್ಲಿ ಎಷ್ಟೋ ಬೇಡಿಕೊಂಡಿತ್ತು. ಕೇಳಿದ್ದು ಕೇಳಿದ ಗಳಿಗೆಯಲ್ಲೇ ನಡೆದದ್ದು ಇದೊಂದೇ.

ಡಾಕ್ಟರು ದುರ್ಬೀನು ಇಳಿಸಿ, ಆಳುಗಳಿಗೆ ಬೋನು ಹೇರಲು ಹೇಳಿದರು. ತಗಡಿಗೆ ತಗಡು ತಾಗುವ ಸದ್ದು. ಮಳೆಯ ಮೊದಲ ಹನಿ ವ್ಯಾನಿನ ತಲೆಯ ಮೇಲೆ ಬಿತ್ತು. ಹನುಮಕ್ಕ ಸೆರಗು ತಲೆಗೆ ಹೊದ್ದುಕೊಂಡು ವ್ಯಾನಿನ ಬಾಗಿಲಲ್ಲಿ ನಿಂತು ಕರೆದಳು.

"ಹೋದ್ವು ಬಿಡಣ್ಣ. ಅಲ್ಲಿ ಯಾರೂ ಇಲ್ಲ, ಇನ್ನೂ ಯಾರಿಗೆ ಮುಗೀತಾ ನಿಂತಿದೀಯ?"

ಅವಳ ದನಿಯಲ್ಲಿ ಎಂದಿನ ಕೊಂಕು ಇತ್ತೊ ಇಲ್ಲವೊ ಅವನು ಗಮನಿಸಲಿಲ್ಲ. ಮೇಲಿನ ಕೊಂಬೆಯೊಂದು ತೂಗಿ, ತೂಗಿ, ನಿಂತಿತು. ಅದು ನಿಂತ ಮೇಲೂ ಅವನು ಕೈ ಇಳಿಸಲಿಲ್ಲ.